ಎಟಿವಿ ಮುಂದಿನ ಆಕ್ಸಲ್ ಬೂಟ್ ಹರಿದಿದೆ, ಜಾಯಿಂಟ್ ಬಿಡ್ತಾನೇ ಇಲ್ಲ. ಯಾರಾದರೂ ದಾರಿ ಹೇಳಿ

ವಾಲ್ಪೈ_ಸವಾರ
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಅದಕ್ಕೇ ಬರೀತಿದ್ದೇನೆ. ಎಟಿವಿಯ (ಕಾಡು, ತೋಟದಲ್ಲಿ ಓಡೋ ನಾಲ್ಕು ಚಕ್ರದ ಗಾಡಿ) ಮುಂದಿನ ಎಡಗಡೆ ಬೂಟ್, ಅಂದರೆ ಆಕ್ಸಲ್ ಜಾಯಿಂಟ್ ಮುಚ್ಚೋ ರಬ್ಬರ್ ಕವಚ, ಹರಿದಿದೆ. ಸಣ್ಣ ಕ್ಲ್ಯಾಂಪ್ ಪಕ್ಕದ ಮಡಿಕೆಯಲ್ಲಿ ಅರ್ಧ ಸುತ್ತು ಬಾಯಿ ಬಿಟ್ಟಿದೆ. ಗ್ರೀಸ್ ಎಲ್ಲ ರಿಮ್ ಒಳಗೆ ಸಿಡಿದಿದೆ. ಉಳಿದದ್ದಕ್ಕೆ ಕೆಂಪು ಮಣ್ಣು ಸೇರಿ, ಬೆರಳಲ್ಲಿ ತಿಕ್ಕಿದರೆ ಉಪ್ಪು ಕಾಗದದ ಹಾಗೆ ಚರಚರ ಅನ್ನುತ್ತದೆ. ಬೂಟ್ ಕಿಟ್ ಬಂದಿದೆ. ಆದರೆ ಜಾಯಿಂಟ್ ಬಿಡ್ತಾನೇ ಇಲ್ಲ! ಹೊಡೆದೆ, ಎಳೆದೆ, ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಟ್ಟೆ. ಜಪ್ಪಯ್ಯ ಅಂದರೂ ಅಲ್ಲಾಡಲ್ಲ. ವಿಡಿಯೋದಲ್ಲಿ ನೋಡಿದರೆ ಟಪ್ ಅಂತ ಬರುತ್ತದೆ. ಮಳೆ ಹಿಡಿಯುವ ಮೊದಲು ಗಾಡಿ ಓಡಬೇಕು, ಗೇರು ತೋಟಕ್ಕೆ ಗೊಬ್ಬರ ಸಾಗಿಸೋಕೆ ಬೇರೆ ಗತಿ ಇಲ್ಲ.

ಡಿಫ್_ದಾದಾ_ಪುಣೆ
ಇದು ಎಲ್ಲರಿಗೂ ಆಗೋದೇ. ಡಿಫರೆನ್ಶಿಯಲ್ (ಎರಡೂ ಚಕ್ರಕ್ಕೆ ಶಕ್ತಿ ಹಂಚೋ ಗೇರ್ ಪೆಟ್ಟಿಗೆ) ಒಳಗೆ ಹೋಗುವ ಸ್ಪ್ಲೈನ್, ಅಂದರೆ ಹಲ್ಲು ಕೊರೆದ ತುದಿಯಲ್ಲಿ ಒಂದು ತಂತಿ ಕ್ಲಿಪ್ ಇರುತ್ತದೆ. ಮೆಲ್ಲಗೆ ಎಳೆದರೆ ಸಾಯಂಕಾಲದವರೆಗೂ ಬರಲ್ಲ. ಒಂದೇ ಸಲ ಜರ್ಕ್ ಕೊಟ್ಟು, ನೇರಕ್ಕೆ ಎಳೀಬೇಕು. ಶಾಫ್ಟ್ ಹಿಡಿದು ಮಾತ್ರ ಎಳೀಬೇಡಿ, ಒಳಗಿನ ಜಾಯಿಂಟ್ ಕಳಚಿಕೊಳ್ಳುತ್ತದೆ. ಜಾಯಿಂಟಿನ ಕಪ್ ಹಿಂದೆ ಎರಡೂ ಕಡೆ ಟೈರ್ ಲಿವರ್ ಕೊಟ್ಟು ಎತ್ತಿ. ಆಯಿಲ್ ಸೀಲ್ ಜೋಪಾನ.

ಡೊಂಬಿವಲಿ_ಪಾನಾ
ದಾದಾ ಹೇಳಿದ್ದು ಸರಿ. ಅದಕ್ಕೂ ಮೊದಲು ಹಬ್ ನಟ್‌ನ ಸ್ಪ್ಲಿಟ್ ಪಿನ್ ತೆಗೆದಿದ್ದೀರಾ? ಸಸ್ಪೆನ್ಷನ್ನಿನ ಮೇಲಿನ ತೋಳಾದ ಎ-ಆರ್ಮ್‌ನ ಬಾಲ್ ಜಾಯಿಂಟ್ ಬಿಡಿಸಿದರೆ ಚಕ್ರದ ಹಬ್ ಹೊರುವ ನಕಲ್ ಪಕ್ಕಕ್ಕೆ ವಾಲುತ್ತದೆ, ಆಗ ಆಕ್ಸಲ್ ಸಲೀಸಾಗಿ ಬರುತ್ತದೆ. ಹಳೇ ಸ್ಪ್ಲಿಟ್ ಪಿನ್ ಮತ್ತೆ ಹಾಕಬೇಡಿ. ಮತ್ತೆ ಒಂದು ಮಾತು, ಬೀಚ್ ಮೇಲೆ ಓಡಿಸಿದ್ದೀರಾ? ಉಪ್ಪುನೀರು ಬಿದ್ದರೆ ಸ್ಪ್ಲೈನ್ ಜಾಮ್ ಆಗುತ್ತದೆ.

ವಾಲ್ಪೈ_ಸವಾರ
ವಾಲ್ಪೈಗೆ ಬೀಚ್ ಎಲ್ಲಿಂದ ಬರಬೇಕು ಸರ್? ನಮ್ಮದು ಚೋರ್ಲಾ ಘಾಟಿನ ಕೆಳಗೆ. ಗೋವಾ ಅಂದ ತಕ್ಷಣ ಎಲ್ಲರಿಗೂ ಬೀಚ್. ಅಲ್ಲಿ ಗಾಡಿ ಇಳಿಸಿದರೆ ಪೊಲೀಸರು ಹಿಡೀತಾರೆ, ಅದು ಬೇರೆ ಮಾತು. ಜರ್ಕ್ ಕೊಟ್ಟು ಆಯ್ತು, ಇಲ್ಲ.

ಡಿಫ್_ದಾದಾ_ಪುಣೆ
ಹಾಗಾದರೆ ಸ್ಲೈಡ್ ಹ್ಯಾಮರ್ (ಸರಳಿನ ಮೇಲೆ ಭಾರ ಜಾರಿಸಿ ಜಗ್ಗೋ ಸಾಧನ) ಹಾಕಿ. ಕ್ಲಿಪ್‌ನ ಬಾಯಿ ಕೆಳಗೆ ಬರೋ ಹಾಗೆ ಆಕ್ಸಲ್ ತಿರುಗಿಸಿ, ಆಮೇಲೆ ಎಳೀರಿ. ನೂರಕ್ಕೆ ನೂರು ಅದೇ ಕ್ಲಿಪ್. ಬರೆದಿಟ್ಟುಕೊಳ್ಳಿ.

ವಾಲ್ಪೈ_ಸವಾರ
ದಾದಾ, ಆಕ್ಸಲ್ ಹೊರಗೆ ಬಂದು ಬೆಂಚಿನ ವೈಸ್‌ನಲ್ಲಿ ಕೂತಿದೆ! ನಾನು ಹೇಳ್ತಿರೋದು ಚಕ್ರದ ಕಡೆ ಜಾಯಿಂಟ್. ಅದು ಶಾಫ್ಟಿನಿಂದ ಬಿಡ್ತಿಲ್ಲ. ಹರಿದಿರೋದು ಆ ಕಡೆ ಬೂಟ್ ಅಲ್ವಾ.

ಡಿಫ್_ದಾದಾ_ಪುಣೆ
ಇದನ್ನ ಮೊದಲನೇ ಪೋಸ್ಟಿನಲ್ಲಿ ಹಾಕೋಕೆ ಏನಾಗಿತ್ತು ಮಾರಾಯ್ರೇ. ಸುಮ್ನೆ ಟೈಪ್ ಮಾಡಿಸಿದಿರಿ.

ಡೊಂಬಿವಲಿ_ಪಾನಾ
ಸರಿ, ಹಾಗಾದರೆ ಕೆಲಸ ಸುಲಭ. ಹೊರಗಿನ ಜಾಯಿಂಟ್ ಒಳಗೆ ಶಾಫ್ಟ್ ತುದಿಗೆ ಒಂದು ಸರ್ಕ್ಲಿಪ್ (ಬಾಯಿ ಬಿಟ್ಟ ಲಾಕ್ ರಿಂಗ್) ಇದೆ. ಗ್ರೀಸ್ ಒರೆಸಿದರೆ ನಡುವಿನ ಇನ್ನರ್ ರೇಸ್ (ಗುಂಡುಗಳು ಉರುಳೋ ಒಳಬಳೆ) ಕಾಣುತ್ತದೆ. ಹಿತ್ತಾಳೆ ಸರಳು ಅದರ ಮೇಲಿಟ್ಟು ಜೋರಾಗಿ ಒಂದೇ ಏಟು. ಅಳುಕಿ ಅಳುಕಿ ತಟ್ಟಿದರೆ ಬರಲ್ಲ. ಗುಂಡುಗಳನ್ನು ಹಿಡಿದಿಡೋ ಕೇಜ್ ಮೇಲೆ ಹೊಡೆದರೆ ಮಾತ್ರ ಕೇಜ್ ಒಡೆದುಹೋಗುತ್ತದೆ.

ವಾಲ್ಪೈ_ಸವಾರ
ಹಿತ್ತಾಳೆ ಸರಳೂ ಆಯ್ತು, ದೊಡ್ಡ ಸುತ್ತಿಗೆಯೂ ಆಯ್ತು. ಪಕ್ಕದ ಮನೆಯವರು ಬಂದು ಏನು ಗಲಾಟೆ ಅಂತ ಕೇಳಿದರು.

ಡೊಂಬಿವಲಿ_ಪಾನಾ
ಇನ್ನೂ ಭಾರದ ಸುತ್ತಿಗೆ ತಗೊಳ್ಳಿ.

ನಾಗದೇವಿ_ಬೇರಿಂಗ್
ಜಾಯಿಂಟ್ ಬಿಡೋದು ಬಿಡದಿರೋದು ಆಮೇಲೆ. ಯಾವ ಗ್ರೀಸ್ ತಂದಿದ್ದೀರಿ? ಮಾಮೂಲಿ ಚಾಸಿ ಗ್ರೀಸ್ ತುಂಬಿದರೆ ಮುಗೀತು ಕಥೆ. ಮಾಲಿಬ್ಡಿನಮ್ ಡೈಸಲ್ಫೈಡ್ ಇರೋ ಕಪ್ಪು ಗ್ರೀಸೇ ಬೇಕು. ಗುಂಡುಗಳು ಉರುಳೋದಷ್ಟೇ ಅಲ್ಲ, ಒತ್ತಡದಲ್ಲಿ ಜಾರುತ್ತವೆ ಕೂಡ. ಲೋಹಕ್ಕೆ ಲೋಹ ತಾಗದ ಹಾಗೆ ನೋಡಿಕೊಳ್ಳೋದೇ ಆ ಮಾಲಿಬ್ಡಿನಮ್. ಹಳೇದನ್ನು ಡೀಸೆಲ್‌ನಲ್ಲಿ ಪೂರ್ತಿ ತೊಳೆದು ಒಣಗಿಸಿ. ಹಳೇ ಗ್ರೀಸ್ ಮೇಲೆ ಹೊಸದು ತುಂಬೋದು ಶುದ್ಧ ಸೋಮಾರಿತನ.

ಫೋಂಡಾ_ಮಿಸ್ತ್ರಿ
ಇಷ್ಟೆಲ್ಲ ಯಾಕೆ? ಬಿಚ್ಚೋದೇ ಬೇಡ, ಸೀಳು ಬೂಟ್ ಸಿಗುತ್ತದೆ. ಶಾಫ್ಟಿಗೆ ಸುತ್ತಿ ಅಂಟಿಸಿ, ಎರಡು ಕೇಬಲ್ ಟೈ ಬಿಗಿದರೆ ಆಯ್ತು. ಇಲ್ಲಾಂದ್ರೆ ಮಾರುತಿ 800 ಬೂಟ್ ತಂದು ಕೂರಿಸಿ, ಅಗ್ಗ.

ನಾಗದೇವಿ_ಬೇರಿಂಗ್
ಸೀಳು ಬೂಟ್ ಟಾರ್ ರಸ್ತೆಗೆ ಸರಿ. ನಿಮ್ಮ ಸತ್ತರಿ ತಾಲೂಕಿನ ಕೆಸರಲ್ಲಿ ಅಂಟು ಎಷ್ಟು ದಿನ ನಿಲ್ಲುತ್ತದೆ? ಬೂಟ್ ಪ್ರತಿ ತಿರುವಿಗೂ ಮಡಚಿ ಬಿಚ್ಚಿ ಆಗುತ್ತಿರುತ್ತದೆ. ಕೇಬಲ್ ಟೈ ಮನೆ ತಲುಪೋವರೆಗೆ ಅಷ್ಟೇ. ಅಳತೆ ನೋಡದೆ 800 ಬೂಟ್ ಅಂತ ಹೇಳೋದೂ ತಪ್ಪು. ಸಣ್ಣ ಬಾಯಿ, ದೊಡ್ಡ ಬಾಯಿ, ಉದ್ದ, ಈ ಮೂರನ್ನೂ ವರ್ನಿಯರ್‌ನಲ್ಲಿ ಅಳೆದುಕೊಂಡು ಅಂಗಡಿಗೆ ಹೋಗಿ.

ಫೋಂಡಾ_ಮಿಸ್ತ್ರಿ
ನಾನು ಕೇಬಲ್ ಟೈನಲ್ಲೇ ಒಂದು ಮಳೆಗಾಲ ಕಳೆದಿದ್ದೇನೆ. ಮುಂಬೈಯಲ್ಲಿ ಕೂತು ಕೆಸರಿನ ಪಾಠ ಹೇಳಬೇಡಿ.

ಮುಳಶಿ_ಮಡ್
ಬೂಟ್ ಹರಿಯೋಕೆ ಅಸಲಿ ಕಾರಣ ಕೋನ. ನನ್ನ ಗಾಡಿಗೆ 2 ಇಂಚು ಲಿಫ್ಟ್ (ಗಾಡಿ ಎತ್ತರಿಸೋ ಕಿಟ್), 27 ಇಂಚಿನ ಮಡ್ ಟೈರ್, ಮುಂದೆ ಹಗ್ಗ ಸುತ್ತಿ ಎಳೆಯೋ ವಿಂಚ್, ಮೇಲೆ ಎಲ್‌ಇಡಿ ಬಾರ್. ಲಿಫ್ಟ್ ಮಾಡಿದರೆ ಆಕ್ಸಲ್ ಕೋನ ಜಾಸ್ತಿಯಾಗಿ ಬೂಟಿನ ಮಡಿಕೆ ಒಂದಕ್ಕೊಂದು ಉಜ್ಜುತ್ತದೆ. ನಾನು ಎಕ್ಸ್‌ಟ್ರಾ ದಪ್ಪ ಬೂಟ್ ಹಾಕಿಸಿ ಎ-ಆರ್ಮ್‌ಗೆ ಗಾರ್ಡೂ ಕೂರಿಸಿದ್ದೇನೆ. ಎಟಿವಿಯನ್ನು ರಸ್ತೆಗೆ ಇಳಿಸೋ ಹಾಗಿಲ್ಲ ಅಲ್ವಾ, ಅದಕ್ಕೇ ಪಿಕಪ್ ಬೇರೆ ಇಟ್ಟಿದ್ದೇನೆ. ಫೋಟೋ ಹಾಕ್ತೀನಿ ತಾಳಿ.

ಡಿಫ್_ದಾದಾ_ಪುಣೆ
ವಿಂಚ್ ಯಾವುದು? ಸಿಂಥೆಟಿಕ್ ಹಗ್ಗವಾ, ಸ್ಟೀಲಾ?

ಮಡಗಾಂವ್_ಹುಬ್ಬಳ್ಳಿ
ವಿಂಚ್ ಆಮೇಲೆ ಮಾತಾಡಿ ದಾದಾ. ವಾಲ್ಪೈಯವರೇ, ಗಾಡಿ ಯಾವುದ್ರೀ? ಕಂಪನಿ, ಮಾಡಲ್ ಎಲ್ಲೂ ಬರೆದಿಲ್ಲ. ಇಷ್ಟು ಜನ ಇಷ್ಟು ಹೊತ್ತು ಮಾತಾಡಿದರೂ ಯಾರೂ ಕೇಳಲೂ ಇಲ್ಲ.

ವಾಲ್ಪೈ_ಸವಾರ
ಹೋಂಡಾ ಫೋರ್‌ಟ್ರ್ಯಾಕ್ಸ್, ಹಳೇದು, ಫೋರ್ ವೀಲ್ ಡ್ರೈವ್. ತೋಟದ ಮಾಲೀಕರು ಮೊದಲೇ ತಂದಿಟ್ಟಿದ್ದು. ಯಾವ ಗಾಡಿಯಾದರೇನು, ಜಾಯಿಂಟ್ ಜಾಯಿಂಟೇ ತಾನೇ?

ಮಡಗಾಂವ್_ಹುಬ್ಬಳ್ಳಿ
ಅಲ್ಲೇ ಇರೋದು ವಿಷಯ. ಸುತ್ತಿಗೆ ಕೆಳಗಿಡಿ. ನೀವು ನೋಡಿದ ವಿಡಿಯೋ ಬಹುಶಃ ಇನ್ನೊಂದು ಕಂಪನಿ ಪೊಲಾರಿಸ್‌ದು. ಅದರಲ್ಲಿ ಹೊರಗಿನ ಜಾಯಿಂಟ್ ಏಟಿಗೆ ಬಿಡುತ್ತದೆ. ನಿಮ್ಮ ಗಾಡಿಯಲ್ಲಿ ಹೊರಗಿನ ಜಾಯಿಂಟ್ ಶಾಫ್ಟಿಗೆ ಕಾಯಂ, ಅದನ್ನು ಬಿಚ್ಚೋ ಹಾಗೇ ಇಲ್ಲ. ಇನ್ನೂ ಹೊಡೆದರೆ ರೇಸೋ ಕೇಜೋ ಹೋಗುತ್ತದೆ, ಆಮೇಲೆ ಇಡೀ ಆಕ್ಸಲ್ ತರಿಸಬೇಕು.

ಹೊರಗಿನ ಬೂಟ್ ಒಳಗಿನ ಕಡೆಯಿಂದ ಹೋಗಬೇಕು. ಡಿಫರೆನ್ಶಿಯಲ್ ಕಡೆ ಬೂಟಿನ ಎರಡೂ ಕ್ಲ್ಯಾಂಪ್ ಕತ್ತರಿಸಿ, ಬೂಟ್ ಹಿಂದಕ್ಕೆ ಸರಿಸಿ. ಗ್ರೀಸ್ ಒರೆಸಿ ಜಾಯಿಂಟ್ ಕಪ್ಪಿನ ಬಾಯಿ ನೋಡಿ. ಒಳ ಅಂಚಿನ ಸಣ್ಣ ತೋಡಿನಲ್ಲಿ ಒಂದು ತೆಳು ತಂತಿ ರಿಂಗ್ ಕೂತಿರುತ್ತದೆ. ಅದರ ತುದಿಯನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಎತ್ತಿ ಬಿಡಿಸಿದರೆ ಶಾಫ್ಟ್ ಗುಂಡುಗಳ ಸಮೇತ ಕಪ್ಪಿನಿಂದ ಹೊರಗೆ ಬರುತ್ತದೆ. ಕೆಳಗೆ ಬಟ್ಟೆ ಹಾಸಿಕೊಳ್ಳಿ, ಗುಂಡು ಉದುರಿದರೆ ಹುಡುಕೋದು ಕಷ್ಟ. ಕೇಜ್ ಯಾವ ಮುಖ ಹೊರಗಿತ್ತು ಅಂತ ಗುರುತು ಹಾಕಿ, ತಿರುಗಾಮುರುಗಾ ಕೂರಿಸಬಾರದು. ಶಾಫ್ಟ್ ತುದಿಯ ಸ್ನ್ಯಾಪ್ ರಿಂಗನ್ನು ಸರ್ಕ್ಲಿಪ್ ಪ್ಲೈಯರ್‌ನಿಂದ ತೆಗೆದರೆ ರೇಸ್ ಜಾರಿ ಬರುತ್ತದೆ. ಈಗ ಸ್ಪ್ಲೈನ್ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ. ಇಲ್ಲಾಂದ್ರೆ ಹೊಸ ಬೂಟಿನ ಬಾಯಿಯನ್ನೇ ಸ್ಪ್ಲೈನ್ ಸೀಳುತ್ತದೆ. ಮೊದಲು ಸಣ್ಣ ಕ್ಲ್ಯಾಂಪ್, ಆಮೇಲೆ ಹೊರಗಿನ ಬೂಟ್, ಅದಾದ ಮೇಲೆ ಒಳಗಿನದು. ಒಳಗಿನ ಬೂಟೂ ಹೊಸದೇ ಹಾಕಿ, ಹೇಗೂ ಬಿಚ್ಚಿದ್ದೀರಿ.

ಡೊಂಬಿವಲಿ_ಪಾನಾ
ನಾನು ಬಿಚ್ಚಿದ ಆಕ್ಸಲ್‌ಗಳೆಲ್ಲ ಏಟಿಗೇ ಬಂದಿವೆ. ಕಾಯಂ ಅನ್ನೋದು ಕಂಪನಿಯವರು ಆಕ್ಸಲ್ ಮಾರೋಕೆ ಹೇಳೋ ಮಾತು.

ಮಡಗಾಂವ್_ಹುಬ್ಬಳ್ಳಿ
ಅವುಗಳಲ್ಲಿ ಹೋಂಡಾ ಎಟಿವಿ ಎಷ್ಟು?

ವಾಲ್ಪೈ_ಸವಾರ
ರಿಂಗ್ ಸಿಕ್ಕಿತು! ಗ್ರೀಸಿನಲ್ಲಿ ಮುಳುಗಿ ಕಾಣ್ತಾನೇ ಇರಲಿಲ್ಲ. ಶಾಫ್ಟ್ ಕೈಗೇ ಬಂತು. ಒಳಗಿನ ಗ್ರೀಸ್ ಜೇನಿನ ಬಣ್ಣಕ್ಕಿದೆ, ಮಣ್ಣಿಲ್ಲ. ಹೊರಗಿನದನ್ನು ಬಿಚ್ಚದೆ ತೊಳೆಯೋದು ಹೇಗೆ?

ಮಡಗಾಂವ್_ಹುಬ್ಬಳ್ಳಿ
ಡೀಸೆಲ್ ಬಕೆಟ್‌ನಲ್ಲಿ ಅದ್ದಿ ಎಲ್ಲ ಕಡೆಗೂ ಬಗ್ಗಿಸಿ, ತಿರುಗಿಸಿ. ಡೀಸೆಲ್ ತಿಳಿಯಾಗುವವರೆಗೂ ಬದಲಿಸಿ. ಗಾಳಿ ಹೊಡೆದು ಒಣಗಿಸಿದ ಮೇಲೆ ಪೂರ್ತಿ ಬಗ್ಗಿಸಿ ಒಂದೊಂದೇ ಗುಂಡನ್ನು ಟಾರ್ಚ್ ಹಿಡಿದು ನೋಡಿ. ಹೊಳಪು ಪಟ್ಟೆ ಇದ್ದರೆ ಚಿಂತೆ ಇಲ್ಲ. ಉಗುರಿಗೆ ಕುಳಿ ಸಿಕ್ಕರೆ ಜಾಯಿಂಟ್ ಹೋಗಿದೆ ಅಂತ. ಗ್ರೀಸನ್ನು ಗುಂಡುಗಳ ಸಂದಿಗೆ ಒತ್ತಿ ತುಂಬಿ, ಉಳಿದದ್ದು ಬೂಟ್ ಒಳಗೆ. ಕಿಟ್ಟಿನಲ್ಲಿ ಕೊಟ್ಟಷ್ಟೇ ಸಾಕು.

ನಾಗದೇವಿ_ಬೇರಿಂಗ್
ಕ್ಲ್ಯಾಂಪ್ ಬಿಗಿಯೋ ಮೊದಲು ಬೂಟ್ ಬಾಯಿಗೆ ತೆಳು ಸ್ಕ್ರೂಡ್ರೈವರ್ ತೂರಿಸಿ ಗಾಳಿ ಬಿಡಿ. ಒಳಗಿನ ಜಾಯಿಂಟ್ ಪೂರ್ತಿ ಒಳಗೂ ಅಲ್ಲ, ಪೂರ್ತಿ ಹೊರಗೂ ಅಲ್ಲ, ಮಧ್ಯದಲ್ಲಿರಲಿ. ಇಲ್ಲಾಂದ್ರೆ ಬೂಟ್ ಬಲೂನಿನಂತೆ ಉಬ್ಬುತ್ತದೆ, ಅಥವಾ ಒಳಕ್ಕೆ ಚಪ್ಪಟೆಯಾಗುತ್ತದೆ. ಕಿವಿ ಕ್ಲ್ಯಾಂಪ್ ಹಿಂಡೋಕೆ ಅದರದೇ ಇಕ್ಕಳ ಬರುತ್ತದೆ. ನಮ್ಮ ಮುಂಬೈನ ನಾಗದೇವಿ ಬೀದಿಯಲ್ಲಿ ಸಿಗುತ್ತದೆ.

ಡಿಫ್_ದಾದಾ_ಪುಣೆ
ಪುಣೆಯಲ್ಲಿ ನಾನಾ ಪೇಟೆಯಲ್ಲೂ ಸಿಗುತ್ತದೆ. ಡಿಫ್ ತುದಿಯ ಕ್ಲಿಪ್ ಹೊಸದು ಹಾಕಿ, ಅದನ್ನು ಮರೀಬೇಡಿ.

ವಾಲ್ಪೈ_ಸವಾರ
ಎಲ್ಲ ಕೂರಿಸಿ ತೋಟದಲ್ಲಿ ಓಡಿಸಿದೆ. ಗ್ರೀಸ್ ಸೋರ್ತಿಲ್ಲ. ಆದರೆ ಫೋರ್ ವೀಲ್ ಹಾಕಿ ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಿಸಿದಾಗ ಎಡಗಡೆಯಿಂದ ಕಟ್ ಕಟ್ ಅನ್ನುತ್ತದೆ. ನೇರ ಹೋದರೆ ಸದ್ದಿಲ್ಲ. ಒಂದು ಗುಂಡಿನ ಮೇಲೆ ಉಗುರಿಗೆ ಸಿಗೋ ಕುಳಿಯೂ ಇತ್ತು.

ಮಡಗಾಂವ್_ಹುಬ್ಬಳ್ಳಿ
ಹಾಗಾದರೆ ಹೊರಗಿನ ಜಾಯಿಂಟ್ ಸವೆದಿದೆ. ಮಣ್ಣು ಸೇರಿ ಓಡಿದ ಮೇಲೆ ಬೂಟ್ ಬದಲಿಸಿದರೆ ಸವೆತ ವಾಪಸ್ ಹೋಗಲ್ಲ. ತಕ್ಷಣ ನಿಲ್ಲಿಸಬೇಕಾಗಿಲ್ಲ. ಭಾರ ಎಳೆಯುವಾಗ ಫುಲ್ ತಿರುವು ಬೇಡ, ಒಣ ನೆಲದಲ್ಲಿ ಟೂ ವೀಲ್‌ನಲ್ಲೇ ಓಡಿಸಿ. ಸದ್ದು ನೇರಕ್ಕೂ ಶುರುವಾದರೆ ಓಡಿಸಬೇಡಿ. ಆಕ್ಸಲ್ ಈಗಲೇ ಆರ್ಡರ್ ಹಾಕಿ, ಬರೋಕೆ ಹೊತ್ತು ಹಿಡಿಯುತ್ತದೆ.

ಮುಳಶಿ_ಮಡ್
ಫೋಟೋ ಅಪ್‌ಲೋಡ್ ಆಗ್ತಿಲ್ಲ. ಸೈಜ್ ಎಷ್ಟಿರಬೇಕು ಇಲ್ಲಿ?