ಬೈಕ್ ಮೀಟರಿನ ‘ಸೆಟ್’ಗೆ ಕನ್ನಡದಲ್ಲಿ ಯಾವ ಕ್ರಿಯಾಪದ?

ಗೆಳೆಯರೇ,

ಬೈಕಿನ ಡಿಜಿಟಲ್ ಮೀಟರಿನಲ್ಲಿ ಟೈಮ್, ಟ್ರಿಪ್, ಬೆಳಕು ಇವನ್ನೆಲ್ಲ ಬದಲಿಸಿಕೊಳ್ಳುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಹಾಳೆ ಬರೆಯುತ್ತಿದ್ದೇನೆ. ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನ ಭಾವಮೈದನ ಗ್ಯಾರೇಜ್ ಇದೆ. ಅಲ್ಲಿ ಗೋಡೆಗೆ ಅಂಟಿಸುವುದಕ್ಕೆ. ಅವನ ಹತ್ತಿರ ಬರುವ ಎಷ್ಟೋ ಜನರ ಗಾಡಿಗೆ ಏನೂ ಆಗಿರುವುದಿಲ್ಲ. ‘ಟೈಮ್ ತಪ್ಪು ತೋರಿಸ್ತಾ ಐತೆ, ಒಸಿ ನೋಡಣ್ಣ’ ಅಂತ ಬರುತ್ತಾರೆ. ಬ್ಯಾಟರಿ ಬಿಚ್ಚಿ ಹಾಕಿದರೆ ಬಹಳಷ್ಟು ಮಾಡೆಲ್‌ಗಳಲ್ಲಿ ಗಡಿಯಾರ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಬಟನ್ ಒತ್ತಿದರೆ ಮುಗಿಯುವ ಕೆಲಸ. ‘ಭಾವ, ನೀವು ಬರ್ಕೊಟ್ರೆ ನಂಗೆ ಅರ್ಧ ತಲೆನೋವು ಕಮ್ಮಿ’ ಅಂದ. ಒಪ್ಪಿಕೊಂಡೆ.

ಹೆಸರುಪದಗಳ ಬಗ್ಗೆ ನಾನು ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ. ಮೀಟರ್, ಗೇರ್, ಬಟನ್ ಹಾಗೇ ಇರಲಿ. ಬಟನ್ ಮೇಲೆ ಮೋಡ್, ಸೆಟ್ ಅಂತ ಇಂಗ್ಲಿಷಿನಲ್ಲೇ ಅಚ್ಚಾಗಿರುತ್ತದೆ. ಹಾಳೆಯಲ್ಲಿ ನಾನು ‘ಬಗೆಗುಂಡಿ’ ಅಂತ ಹೊಸ ಪದ ಕಟ್ಟಿದರೆ, ಓದಿದವರು ಅದು ಗಾಡಿಯಲ್ಲಿ ಎಲ್ಲಿದೆ ಅಂತ ಹುಡುಕುತ್ತಾ ನಿಲ್ಲುತ್ತಾರೆ. ನನಗೆ ತೊಡಕಾಗಿರುವುದು ಕ್ರಿಯಾಪದಗಳು. ಅದರಲ್ಲೂ ‘ಸೆಟ್’.

‘ಸೆಟ್ ಮಾಡಿ’ ಅಂತಲೇ ಬರೆದರೆ ಏನು ಕಷ್ಟ ಅಂತ ಕೇಳಬಹುದು. ಆಡುಮಾತಿನಲ್ಲಿ ಕಷ್ಟವೇನಿಲ್ಲ. ಆದರೆ ನಮ್ಮ ಕಡೆ ಸೆಟ್ ಅಂದರೆ ಹೊಲದ ಪಂಪ್‌ಸೆಟ್ ಇದೆ, ಹೋಟೆಲಿನ ಸೆಟ್ ದೋಸೆ ಇದೆ, ‘ನಮ್ಗೂ ಅವ್ನಿಗೂ ಸೆಟ್ ಆಗಲ್ಲ’ ಅನ್ನುವ ಮಾತೂ ಇದೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ‘ಸೆಟ್ ಮಾಡ್ಕೊಡಿ’ ಅನ್ನುವುದು ಮೆಕ್ಯಾನಿಕ್‌ಗೆ ಹೇಳುವ ಮಾತು. ಏನೋ ಮಾಡಿ, ಸರಿಯಾದರೆ ಸಾಕು ಅಂತ ಅದರ ಅರ್ಥ. ಹಾಳೆ ಓದುವವನಿಗೆ ಅದು ಸಾಲದು. ಅವನ ಬೆರಳು ಈಗ ಏನು ಮಾಡಬೇಕು ಅಂತ ಮಾತು ಹೇಳಬೇಕು.

ಒಂದು ಗಾಡಿಯ ಜೊತೆ ಬಂದ ಪುಸ್ತಿಕೆಯ ಕನ್ನಡ ಪುಟದಲ್ಲಿ ‘ಗಡಿಯಾರವನ್ನು ಅಳವಡಿಸಿ’ ಅಂತ ಇತ್ತು. ಅಳವಡಿಸು ಅಂದರೆ ಇಲ್ಲದ್ದನ್ನು ತಂದು ಜೋಡಿಸುವುದು, ಅಲ್ವಾ? ಓದಿದರೆ ಗಡಿಯಾರ ಬೇರೆ ಕೊಂಡು ತಂದು ಕೂರಿಸಬೇಕೇನೋ ಅನ್ನಿಸುತ್ತದೆ. ‘ಸರಿಪಡಿಸಿ’ ಅಂದರೆ ಕೆಟ್ಟಿದೆ ಅಂತ ಆಯಿತು. ‘ಹೊಂದಿಸಿ’ ಪರವಾಗಿಲ್ಲ. ಬ್ರೇಕ್ ಬಿಗಿ, ಕ್ಲಚ್ ವೈರಿನ ಸಡಿಲ, ಕನ್ನಡಿಯ ಕೋನ ಇವಕ್ಕೆಲ್ಲ ಅದು ಸರಿಯಾಗಿ ಕೂರುತ್ತದೆ. ಆದರೆ ‘ಟೈಮ್ ಹೊಂದಿಸಿ’ ಅಂದರೆ ‘ಸ್ವಲ್ಪ ಬಿಡುವು ಮಾಡಿಕೊಳ್ಳಿ’ ಅಂತ ಕೇಳಿಸುತ್ತದೆ ನನಗೆ. ‘ದುಡ್ಡು ಹೊಂದಿಸು’ ಅನ್ನುತ್ತೇವಲ್ಲ, ಆ ದಾರಿಗೆ ಹೋಗುತ್ತದೆ.

ಗಡಿಯಾರಕ್ಕೆ ನಾನು ಮನೆಯಲ್ಲಿ ಕೇಳಿ ಬೆಳೆದ ಮಾತು ‘ಇಡು’. ಐದು ಗಂಟೆಗೆ ಅಲಾರಾಂ ಇಡು. ರೇಡಿಯೋ ಕೇಳಿ ಟೈಮ್ ಸರಿಯಾಗಿ ಇಡು. ಹಳ್ಳಿ ಕಡೆ ಹೋದರೆ ‘ಅಲಾರಾಂ ಮಡಗು’. ಇಲ್ಲಿ ಇಡು, ಮಡಗು ಎರಡೂ ಚೆನ್ನಾಗಿವೆ. ಮುಳ್ಳನ್ನು ತಂದು ಒಂದು ಜಾಗದಲ್ಲಿ ಇಟ್ಟ ಹಾಗೆ. ಡಿಜಿಟಲ್ ಮೀಟರಿನಲ್ಲಿ ಮುಳ್ಳೇ ಇಲ್ಲವಲ್ಲ ಅಂದರೆ, ಇಲ್ಲದಿದ್ದರೂ ಮಾತು ನಡೆಯುತ್ತದೆ. ಹಾಗಾಗಿ ‘ಮೊದಲು ಗಂಟೆ ಇಡಿ, ಆಮೇಲೆ ನಿಮಿಷ ಇಡಿ’ ಅಂತ ಬರೆದಿದ್ದೇನೆ. ಮೈಸೂರಿನ ಒಬ್ಬ ಮೇಷ್ಟ್ರಿಗೆ ತೋರಿಸಿದೆ. ‘ಇಡಿ ಅಂದ್ರೆ ಪೂರ್ತಿ ಅನ್ನೋ ಅರ್ಥಾನೂ ಬರುತ್ತಲ್ಲಯ್ಯ’ ಅಂದರು. ಗಂಟೆ ಇಡೀ! ತಮಾಷೆಗೆ ಅಂದದ್ದೇ ಆದರೂ ಆಮೇಲೆ ಅದು ಕಣ್ಣಿಗೆ ಹಾಗೇ ಕಾಣಲು ಶುರುವಾಯಿತು. ಧಾರವಾಡ ಕಡೆಯವರು ಫೋನೂ ಹಚ್ಚುತ್ತಾರೆ, ಟಿವಿಯೂ ಹಚ್ಚುತ್ತಾರೆ. ಅಲಾರಾಂ ಕೂಡ ಹಚ್ಚುತ್ತಾರಾ? ಇದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಟ್ರಿಪ್. ಮೀಟರಿನಲ್ಲಿ ಟ್ರಿಪ್ ಎ, ಟ್ರಿಪ್ ಬಿ ಅಂತ ಎರಡು ಇರುತ್ತವೆ. ಬೇಕಾದಾಗ ಸೊನ್ನೆಯಿಂದ ಶುರು ಮಾಡಿಕೊಳ್ಳಬಹುದಾದ ಲೆಕ್ಕ. ಇಲ್ಲಿ ನನಗೆ ಊರಿನ ಮಾತೇ ಅಡ್ಡ ಬಂತು. ಮಂಡ್ಯದಲ್ಲಿ ಟ್ರಿಪ್ ಅಂದರೆ ಲೋಡು. ‘ಫ್ಯಾಕ್ಟ್ರಿಗೆ ಎರಡು ಟ್ರಿಪ್ ಕಬ್ಬು ಹೊಡ್ದೆ’ ಅನ್ನುತ್ತಾರೆ. ತೋಟದಲ್ಲಿ ‘ಮೋಟ್ರು ಟ್ರಿಪ್ ಆಯ್ತು’ ಅಂದರೆ ಕರೆಂಟಿನ ತೊಂದರೆ. ಕಾಲೇಜು ಹುಡುಗರಿಗೆ ಟ್ರಿಪ್ ಅಂದರೆ ಊಟಿ. ‘ಟ್ರಿಪ್ ರೀಸೆಟ್ ಮಾಡಿ’ ಅಂದರೆ ರೈತನೊಬ್ಬ ಸ್ಟಾರ್ಟರ್ ಹತ್ತಿರ ಹೋದರೂ ಆಶ್ಚರ್ಯವಿಲ್ಲ.

ರೀಸೆಟ್‌ಗೆ ‘ಅಳಿಸಿ’ ಅಂತ ಹಾಕೋಣ ಅಂದುಕೊಂಡೆ. ಭಾವಮೈದ ಬೇಡ ಅಂದ. ಅಳಿಸುವುದು ಅಂದರೆ ಜನ ಹೆದರುತ್ತಾರಂತೆ, ಗಾಡಿ ಓಡಿದ ಪೂರ್ತಿ ಲೆಕ್ಕವೇ ಹೋಗಿಬಿಡುತ್ತದೆ ಅಂತ. ಹಾಗೆ ಹೋಗುವುದಿಲ್ಲ. ಒಟ್ಟು ಓಡಿದ ಲೆಕ್ಕ ಕರೆಂಟ್ ಇಲ್ಲದಿದ್ದರೂ ಉಳಿಯುವ ಮೆಮೊರಿಯಲ್ಲಿರುತ್ತದೆ, ಬಟನ್ ಒತ್ತಿ ಅದನ್ನು ಮುಟ್ಟುವುದಕ್ಕೆ ಆಗುವುದಿಲ್ಲ. ಕೊನೆಗೆ ‘ಟ್ರಿಪ್ ಲೆಕ್ಕ ಸೊನ್ನೆ ಮಾಡಿ’ ಅಂತ ಇಟ್ಟೆ. ‘ಸೊನ್ನೆ ಮಾಡು’ ಅನ್ನುವುದು ಸರಳ, ಕೇಳಿದ ತಕ್ಷಣ ತಿಳಿಯುತ್ತದೆ. ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಸೊನ್ನೆ ಮಾಡಿ, ಮತ್ತೆ ಫುಲ್ ಮಾಡಿಸುವಾಗ ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿದರೆ ಮೈಲೇಜ್ ಸಿಗುತ್ತದೆ. ಇದನ್ನೂ ಹಾಳೆಯ ಕೆಳಗೆ ಸೇರಿಸಿದ್ದೇನೆ. ಯಾರೂ ಕೇಳಿರಲಿಲ್ಲ, ಇರಲಿ ಅಂತ.

ಒಟ್ಟು ಲೆಕ್ಕದ ಹೆಸರು ‘ಓಡೋ’. ಇದರ ವಿಷಯ ಬಲು ಮಜವಾಗಿದೆ. ಮೂಲ ಗ್ರೀಕ್. ದಾರಿ ಅನ್ನುವುದಕ್ಕೆ ಅವರಲ್ಲಿ ಹೊದೋಸ್, ಅಳತೆಗೆ ಮೆತ್ರೋನ್. ದಾರಿ ಅಳೆಯುವುದು ಅಂತ ಅರ್ಥ. ಆದರೆ ಕನ್ನಡ ಲಿಪಿಯಲ್ಲಿ ‘ಓಡೋಮೀಟರ್’ ಅಂತ ಬರೆದರೆ ಅದು ಸೀದಾ ನಮ್ಮ ‘ಓಡು’ ಆಗಿಬಿಡುತ್ತದೆ. ಓಡೋ ಗಾಡಿ, ಓಡೋ ಕುದುರೆ, ಓಡೋ ಮೀಟರ್. ಗ್ಯಾರೇಜಿನ ಹುಡುಗ ಇದು ಕನ್ನಡದ್ದೇ ಅಂತ ನಂಬಿದ್ದ. ನಾನು ತಿದ್ದಲು ಹೋಗಲಿಲ್ಲ. ಹಳೇ ಗಾಡಿ ಕೊಳ್ಳುವಾಗ ನಾವು ಕೇಳುವುದೂ ‘ಎಷ್ಟು ಓಡಿದೆ?’ ಅಂತಲೇ. ಮಾರುವವನು ಮೋಸ ಮಾಡಿದ್ದರೆ ‘ಮೀಟರ್ ತಿರುಗಿಸಿದ್ದಾನೆ’ ಅನ್ನುತ್ತೇವೆ. ಚಕ್ರದ ಮೇಲೆ ಅಂಕಿಗಳು ಉರುಳುತ್ತಿದ್ದ ಕಾಲದ ಮಾತು ಅದು. ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳ ಮೀಟರುಗಳು ಹಾಗೇ ಇದ್ದವು. ಒಂದು ಮುಳ್ಳು, ಉರುಳುವ ಅಂಕಿ, ಅಷ್ಟೇ. ಅವಕ್ಕೆ ಸೆಟ್ಟಿಂಗ್ಸ್ ಅನ್ನುವುದೇ ಇರಲಿಲ್ಲ. ಈಗ ತಿರುಗಿಸುವುದಕ್ಕೆ ಒಳಗೆ ಏನೂ ಇಲ್ಲ, ಆದರೂ ಮೀಟರ್ ತಿರುಗಿಸುತ್ತಲೇ ಇದ್ದಾರೆ!

ಬೆಳಕಿನ ವಿಷಯಕ್ಕೆ ಬರುತ್ತೇನೆ. ಬ್ರೈಟ್‌ನೆಸ್‌ಗೆ ‘ಹೊಳಪು’ ಅಂತ ಕೆಲವರು ಬರೆಯುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಹೊಳಪು ಹಿತ್ತಾಳೆ ಪಾತ್ರೆಗೆ ಇರುತ್ತದೆ. ಹೊರಗಿನ ಬೆಳಕು ಬಿದ್ದು ಹೊಳೆಯುವುದು ಅದು. ಬಿಸಿಲಿನಲ್ಲಿ ಮೀಟರಿನ ಗಾಜು ಹೊಳೆದರೆ ಅಂಕಿ ಕಾಣುವುದಿಲ್ಲ, ಆಗಲೇ ನಾವು ಬ್ರೈಟ್‌ನೆಸ್ ಹೆಚ್ಚಿಸುವುದು. ‘ಹೊಳಪು ಜಾಸ್ತಿ ಮಾಡಿ’ ಅಂದರೆ ರೋಗವನ್ನೇ ಮದ್ದು ಅಂತ ಕರೆದ ಹಾಗಾಯಿತು. ‘ಪ್ರಖರತೆ’ ಗೋಡೆ ಹಾಳೆಗೆ ಭಾರ. ‘ಬೆಳಕು ಜಾಸ್ತಿ, ಬೆಳಕು ಕಮ್ಮಿ’ ಸಾಕು ಅನ್ನಿಸುತ್ತದೆ. ಟಿಎಫ್‌ಟಿ ಅನ್ನುವ, ಮೊಬೈಲಿನ ಹಾಗೆ ಬಣ್ಣದ ಪರದೆ ಇರುವ ಗಾಡಿಗಳಲ್ಲಿ ಮೆನುವಿನಲ್ಲೇ ಬೆಳಕಿನ ಹಂತಗಳಿರುತ್ತವೆ. ಕೆಲವು ಸುತ್ತಲಿನ ಬೆಳಕು ನೋಡಿಕೊಂಡು ತಾವೇ ಹಗಲಿನ ಬಣ್ಣದಿಂದ ರಾತ್ರಿಯ ಬಣ್ಣಕ್ಕೆ ಹೋಗುತ್ತವೆ. ಸಾದಾ ಎಲ್‌ಸಿಡಿಯಲ್ಲಿ ಎರಡು ಜಾತಿ. ತಿಳಿ ಹಿನ್ನೆಲೆಯ ಮೇಲೆ ಕಪ್ಪು ಅಂಕಿ ಇರುವುದು ಬಿಸಿಲಿಗೆ ಚೆನ್ನಾಗಿ ಕಾಣುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಂಕಿ ಇರುವುದು ಶೋ ರೂಮಿನಲ್ಲಿ ಚೆಂದ, ನಡುಮಧ್ಯಾಹ್ನ ಕಷ್ಟ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡರೆ ಕೆಲವು ಮೀಟರುಗಳು ಪೂರ್ತಿ ಕಪ್ಪಾಗಿ ಕಾಣುವುದೂ ಉಂಟು. ‘ಮೀಟರ್ ಹೋಯ್ತು’ ಅಂತ ಬಂದವರಿಗೆ ಮೊದಲು ಕನ್ನಡಕ ತೆಗೆಯಿರಿ ಅನ್ನಬೇಕು.

ಕಿಲೋಮೀಟರು, ಮೈಲಿ ಬದಲಿಸುವುದಕ್ಕೆ ‘ಬದಲಾಯಿಸಿ’ ಸಾಕು. ಗೊತ್ತಿಲ್ಲದೆ ಮೈಲಿಗೆ ಹೋಗಿದ್ದರೆ 60ರಲ್ಲಿ ಓಡುವ ಗಾಡಿ 37 ತೋರಿಸುತ್ತದೆ, ‘ಪಿಕಪ್ ಹೋಗಿದೆ’ ಅಂತ ಗಾಡಿಯನ್ನು ಬೈಯುತ್ತಾರೆ. ಆದರೆ ಮೈಲೇಜ್ ತೋರಿಸುವ ಬಗೆಯಲ್ಲಿ ಒಂದು ಸ್ವಾರಸ್ಯ ಇದೆ. ಕೆಲವು ಮೀಟರುಗಳಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರ್ ಅಂತಲೂ ನೋಡಬಹುದು, 100 ಕಿಲೋಮೀಟರಿಗೆ ಎಷ್ಟು ಲೀಟರ್ ಅಂತಲೂ ನೋಡಬಹುದು. ಮೊದಲನೆಯದರಲ್ಲಿ 50 ಅಂತ ಬಂದರೆ ಎರಡನೆಯದರಲ್ಲಿ 2 ಅಂತ ಬರುತ್ತದೆ. ಒಂದರಲ್ಲಿ ಅಂಕಿ ದೊಡ್ಡದಾದಷ್ಟೂ ಒಳ್ಳೆಯದು, ಇನ್ನೊಂದರಲ್ಲಿ ಚಿಕ್ಕದಾದಷ್ಟೂ ಒಳ್ಳೆಯದು. ಇದನ್ನು ಹೇಗೆ ಬರೆಯುವುದು ಅಂತ ನಾನು ಪೆನ್ನು ಕಚ್ಚುತ್ತಿದ್ದಾಗ ಭಾವಮೈದ ಸ್ಪ್ಯಾನರ್ ಹಿಡಿದುಕೊಂಡೇ ಹೇಳಿದ: ‘ಒಂದು ಎಷ್ಟು ಕೊಡುತ್ತೆ ಅಂತ, ಇನ್ನೊಂದು ಎಷ್ಟು ಕುಡಿಯುತ್ತೆ ಅಂತ.’ ಹಾಗೇ ಬರೆದುಕೊಂಡೆ. ಇದಕ್ಕೆ ನಿಮ್ಮ ಸಲಹೆ ಬೇಕಿಲ್ಲ!

ಎಚ್ಚರಿಕೆ ದೀಪಗಳು ಸೆಟ್ಟಿಂಗ್ಸ್‌ಗೆ ಸೇರುವುದಿಲ್ಲ, ಬಿಟ್ಟಿದ್ದೇನೆ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್‌ನ ದೀಪ ಮಾತ್ರ ಸೇರಿಸಿದೆ. ಕೀ ಹಾಕಿದಾಗ ಅದು ಹತ್ತಿಕೊಂಡು, ಗಾಡಿ ಸ್ವಲ್ಪ ಮುಂದೆ ಹೋದ ಮೇಲೆ ಆರುತ್ತದೆ. ನಿಂತಲ್ಲೇ ಆರಲಿಲ್ಲ ಅಂತ ಗಾಬರಿ ಬೇಡ ಅಂತ ಒಂದು ಸಾಲು.

ಈಗ ನನಗೆ ನಿಜವಾಗಿ ಯೋಚನೆ ಹತ್ತಿಸಿರುವ ಪದ ‘ರಿಸರ್ವ್’. ಹಳೇ ಗಾಡಿಗಳಲ್ಲಿ ಟ್ಯಾಂಕಿನ ಕೆಳಗೆ ಪೆಟ್ರೋಲ್ ಕಾಕ್, ಅಂದರೆ ತಿರುಗಿಸುವ ನಲ್ಲಿ, ಇರುತ್ತಿತ್ತು. ಒಳಗೆ ಎತ್ತರದ ಕೊಳವೆಯಿಂದ ಪೆಟ್ರೋಲ್ ಬರುವುದು ನಿಂತರೆ ಇಂಜಿನ್ ಕೆಮ್ಮುತ್ತಿತ್ತು. ಓಡಿಸುತ್ತಲೇ ಎಡಗೈ ಇಳಿಸಿ ಕಾಕ್ ತಿರುಗಿಸಿದರೆ ತಳದಲ್ಲಿ ಉಳಿದದ್ದು ಬರುತ್ತಿತ್ತು. ‘ರಿಸರ್ವ್‌ಗೆ ಬಿತ್ತು’ ಅಂದರೆ ಇದು. ಬಂಕ್ ಸಿಗುವ ತನಕ ಧೈರ್ಯ ಇರುತ್ತಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳು ಪೆಟ್ರೋಲನ್ನು ಪಂಪಿನ ಒತ್ತಡದಿಂದ ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್‌ಗೆ ಹೋದವು. ಪಂಪು ಟ್ಯಾಂಕಿನ ಒಳಗೇ ಇರುತ್ತದೆ, ಕಾಕ್ ಇಲ್ಲ. ಮೀಟರಿನಲ್ಲಿ ಪೆಟ್ರೋಲಿನ ಕೊನೆ ಕಡ್ಡಿ ಹೊತ್ತಿ ಆರುವುದಷ್ಟೇ ಸೂಚನೆ. ಅದಕ್ಕೂ ಜನ ‘ರಿಸರ್ವ್‌ಗೆ ಬಿತ್ತು’ ಅಂತಲೇ ಅನ್ನುತ್ತಾರೆ.

ಪದ ಉಳಿದಿದೆ, ಅದು ಸೂಚಿಸುವ ಹೊತ್ತು ಬದಲಾಗಿದೆ. ಹಿಂದೆ ಇಂಜಿನ್ ಕೆಮ್ಮಿದ ಮೇಲೆ ರಿಸರ್ವ್ ಶುರು. ಈಗ ಇಂಜಿನ್ ಕೆಮ್ಮಿದರೆ ರಿಸರ್ವ್ ಮುಗಿಯಿತು ಅಂತ. ವಯಸ್ಸಾದ ಕೆಲವರು ಹಳೇ ಲೆಕ್ಕದಲ್ಲೇ ಇದ್ದಾರೆ. ಕಡ್ಡಿ ಮಿಣಕ್ ಮಿಣಕ್ ಅಂದರೂ ‘ಇನ್ನೂ ರಿಸರ್ವ್ ಐತಲ್ಲ’ ಅಂತ ಹೋಗುತ್ತಾರೆ. ಮದ್ದೂರು ದಾಟುವಷ್ಟರಲ್ಲಿ ತಳ್ಳಿಕೊಂಡು ಬರುವ ಪಾಡು. ಪೆಟ್ರೋಲ್ ತೀರಾ ಕಮ್ಮಿಯಿದ್ದಾಗ ಓಡಿಸುವುದು ಒಳಗಿನ ಪಂಪಿಗೂ ಒಳ್ಳೆಯದಲ್ಲ, ಅದರ ಬಿಸಿ ಇಳಿಸುವುದು ಪೆಟ್ರೋಲೇ. ಹಾಗಾದರೆ ಹಾಳೆಯಲ್ಲಿ ರಿಸರ್ವ್ ಅಂತ ಬರೆಯಬೇಕಾ, ಬೇಡವಾ? ಬರೆದರೆ ಹಳೇ ಅರ್ಥ ಬರುತ್ತದೆ. ಬಿಟ್ಟರೆ ‘ಇಂಧನ ಕಡಿಮೆ ಇದೆ’ ಅಂತ ಯಾರೂ ಆಡದ ಮಾತು ಬರೆಯಬೇಕು. ಸದ್ಯಕ್ಕೆ ‘ಇದೇ ರಿಸರ್ವ್, ಬೇರೆ ರಿಸರ್ವ್ ಇಲ್ಲ’ ಅಂತ ಬರೆದಿದ್ದೇನೆ. ನನಗೆ ಇದೇ ಸರಿ ಅನ್ನಿಸುತ್ತದೆ, ನೀವು ನೋಡಿ ಹೇಳಿ.

ಇನ್ನು ಬ್ಲಿಂಕ್. ಇದು ಹಾಳೆಯ ತುಂಬ ಬರುವ ಪದ. ಗಂಟೆ ಬದಲಿಸಲು ಬಟನ್ ಒತ್ತಿ ಹಿಡಿದರೆ ಗಂಟೆಯ ಅಂಕಿ ಬ್ಲಿಂಕ್ ಆಗುತ್ತದೆ, ಆಮೇಲೆ ನಿಮಿಷದ್ದು. ‘ಮಿನುಗು’ ಅಂದರೆ ನಕ್ಷತ್ರ ನೆನಪಾಗುತ್ತದೆ, ಚೆಂದವಾಗಿ ಹೊಳೆಯುವುದು. ‘ಮಿಟುಕು’ ಕಣ್ಣಿಗೆ ಸೇರಿದ್ದು, ಅಂಕಿ ಕಣ್ಣು ಹೊಡೆದ ಹಾಗಾಗುತ್ತದೆ. ‘ಮಿಣುಕು’ ನನಗೆ ಇಷ್ಟ, ಮಿಣುಕುಹುಳ ಹೊತ್ತಿ ಆರುವುದನ್ನು ಎಲ್ಲರೂ ನೋಡಿದ್ದಾರೆ. ಆದರೆ ‘ಮಿಣುಕುದೀಪ’ ಅಂದಾಗ ಮಂಕು ಬೆಳಕು ಅನ್ನುವ ಅರ್ಥ ಬರುತ್ತದೆ. ಬೆಳಕು ಕಮ್ಮಿಯಾಗಿದೆ ಅಂತ ತಿಳಿದು ಯಾರಾದರೂ ಬ್ರೈಟ್‌ನೆಸ್ ಹುಡುಕಲು ಹೋದರೆ ಕಷ್ಟ.

ಒತ್ತುವುದರಲ್ಲೂ ಎರಡು ಬಗೆ ಇದೆ. ಒಮ್ಮೆ ಒತ್ತಿ ಬಿಡುವುದು, ಒಂದೆರಡು ಸೆಕೆಂಡ್ ಒತ್ತಿಕೊಂಡೇ ಇರುವುದು. ಎಷ್ಟು ಹೊತ್ತು ಅನ್ನುವುದು ಮಾಡೆಲ್ ಮೇಲೆ ಹೋಗುತ್ತದೆ. ಮೊದಲನೆಯದಕ್ಕೆ ‘ಒತ್ತಿ ಬಿಡಿ’, ಎರಡನೆಯದಕ್ಕೆ ‘ಅಮುಕಿ ಹಿಡಿಯಿರಿ’ ಅಂತ ಬೇರೆ ಬೇರೆ ಪದ ಇಟ್ಟಿದ್ದೇನೆ, ಗೊಂದಲ ಆಗದಿರಲಿ ಅಂತ. ಗಾಡಿ ನಿಲ್ಲಿಸಿ ಮಾಡಿ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ.

ಚಾಮರಾಜನಗರ, ಹಾಸನ, ಹುಬ್ಬಳ್ಳಿ ಕಡೆಯವರು ನಿಮ್ಮೂರ ಗ್ಯಾರೇಜಿನಲ್ಲಿ ಬ್ಲಿಂಕ್‌ಗೆ, ಟೈಮ್ ಸೆಟ್ ಮಾಡುವುದಕ್ಕೆ ಏನಂತಾರೆ ಅಂತ ಒಮ್ಮೆ ವಿಚಾರಿಸಿ ತಿಳಿಸಿ. ನಿಘಂಟಿನ ಅರ್ಥ ಬೇಡ, ಗ್ರೀಸ್ ಕೈಯವರು ಆಡುವ ಮಾತು ಬೇಕು. ಹಾಳೆ ಇನ್ನೂ ಲ್ಯಾಮಿನೇಷನ್‌ಗೆ ಹೋಗಿಲ್ಲ.