ಸ್ಕೂಲ್ ಮ್ಯಾಗಜೀನ್: ಯಾವ ಮಗುವಿಗೆ ಯಾವ ಕೆಲಸ ಕೊಡೋದು?

ಹೈಸ್ಕೂಲ್ ಟೀಚರ್:
ಈ ಸಲ ವಾರ್ಷಿಕ ಸಂಚಿಕೆ ನನ್ನ ತಲೆಗೆ ಬಂದಿದೆ. 8, 9ನೇ ಕ್ಲಾಸಿನ 12 ಮಕ್ಕಳಿದ್ದಾರೆ, ಎಲ್ರಿಗೂ ಫೋಟೋ ತೆಗೆಯೋದೇ ಬೇಕಂತೆ, ಪ್ರೂಫ್ ನೋಡೋಕೆ (ಅಚ್ಚಿಗೆ ಮುಂಚೆ ತಪ್ಪು ತಿದ್ದೋಕೆ) ಒಬ್ರೂ ಇಲ್ಲ. ಹೋದ್ವರ್ಷ ಎಲ್ಲಾ ಕನ್ನಡ ಮೇಡಂ ಒಬ್ರ ಮೇಲೇ ಬಿತ್ತು. ನೀವೆಲ್ಲ ಹೇಗೆ ಹಂಚ್ತೀರಾ?

ರಿಟೈರ್ಡ್ ಮೇಷ್ಟ್ರು:
ಮೇಡಂ, ಸಂಪಾದಕ ಉಪಸಂಪಾದಕ ಅಂತ ಬರೀ ಪದವಿ ಕೊಟ್ಟು ಸುಮ್ನಾಗ್ಬೇಡಿ. ಇಬ್ರು ಲೇಖನ ಕಲೆಕ್ಟ್ ಮಾಡ್ಲಿ, ಯಾರು ಕೊಟ್ರು ಯಾರು ಕೊಟ್ಟಿಲ್ಲ ಅಂತ ನೋಟ್‌ಬುಕ್‌ನಲ್ಲಿ ಬರ್ಕೊಳ್ಲಿ. ಪ್ರೂಫ್‌ಗೆ ಜೋಡಿ ಮಾಡಿ, ಒಬ್ಬ ಮೂಲಪ್ರತಿ ಜೋರಾಗಿ ಓದೋದು ಇನ್ನೊಬ್ಬ ಪ್ರಿಂಟೌಟ್ ಮೇಲೆ ಕೆಂಪು ಪೆನ್ ಓಡಿಸೋದು, ಮಕ್ಕಳಿಗೆ ಆಟದ ಥರ ಆಗುತ್ತೆ. ಗ್ರೂಪ್ ಫೋಟೋ ಕೆಳಗಿನ ಹೆಸರು ಮಾತ್ರ ಕ್ಲಾಸ್ ಟೀಚರೇ ಹಾಜರಿ ಪುಸ್ತಕ ಇಟ್ಕೊಂಡು ನೋಡ್ಬೇಕು, ಒಂದು ಹೆಸರು ತಪ್ಪಿದ್ರೆ ಅಪ್ಪ ಅಮ್ಮ ಸ್ಕೂಲಿಗೇ ಬರ್ತಾರೆ (ನನ್ನ ಅನುಭವ!)

ಡಿಟಿಪಿ ಅಂಗಡಿಯವನು:
ಫೋಟೋ ವಾಟ್ಸಾಪಲ್ಲಿ ಮಾಮೂಲಿಯಾಗಿ ಕಳಿಸ್ಬೇಡಿ, ಕ್ವಾಲಿಟಿ ಹೋಗುತ್ತೆ, ಪ್ರಿಂಟಿಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಬೇಕು. ಒರಿಜಿನಲ್ಲೆಲ್ಲ ಪೆನ್‌ಡ್ರೈವಲ್ಲಿ ಜೋಪಾನ ಮಾಡೋದೇ ಒಬ್ಬರ ಡ್ಯೂಟಿ ಆಗ್ಲಿ. ಆಮೇಲೆ ‘ನುಡಿ’ ಸಾಫ್ಟ್‌ವೇರಲ್ಲಿ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಯೂನಿಕೋಡ್‌ಗೆ (ಈಗ ಕಂಪ್ಯೂಟರ್, ಮೊಬೈಲಲ್ಲಿ ಬಳಸೋ ಅಕ್ಷರ ಪದ್ಧತಿ) ಬದಲಾಯಿಸುವಾಗ ಒತ್ತಕ್ಷರ ಕೈಕೊಡೋದುಂಟು, ಅದಕ್ಕೆ ಪೇಜ್ ಸೆಟ್ ಆದ್ಮೇಲೆ ಇನ್ನೊಂದ್ಸಲ ಪ್ರೂಫ್ ನೋಡ್ಲೇಬೇಕು. ಮಧ್ಯ ಪಿನ್ ಹೊಡೆಯೋ ಪುಸ್ತಕ ಆದ್ರೆ ಒಟ್ಟು ಪುಟ 4, 8, 12 ಹೀಗೆ 4ರ ಲೆಕ್ಕದಲ್ಲೇ ಇರ್ಬೇಕು, ಕೊನೇ ದಿನ ಬಂದು ಇನ್ನೊಂದು ಕವನ ಸೇರ್ಸಿ ಅಂದ್ರೆ ಕಷ್ಟ ಮೇಡಂ 😀

ಹೈಸ್ಕೂಲ್ ಟೀಚರ್:
ಥ್ಯಾಂಕ್ಸ್ ಸಾರ್. ಆ ಕೊನೇ ದಿನದ ಕವನ ನಮ್ ಹೆಡ್ ಮಾಸ್ಟರದ್ದೇ ಇರುತ್ತೆ, ಏನ್ ಮಾಡ್ಲಿ!