ಪದಚರ್ಚೆ: ಸ್ಫೋಟ ಮುಗಿದ ಮೇಲೆ ಬಂಡೆಯಲ್ಲಿ ಏಳುವ ಬಿರುಕಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನೆಲದಾಳದ ಗಣಿಗಳ ಬಗ್ಗೆ ಬರೆಯುತ್ತಿದ್ದೇನೆ. ಎರಡು ಬೇರೆ ಬೇರೆ ಸಂಗತಿಗೆ ‘ಬಿರುಕು’ ಅನ್ನುವ ಒಂದೇ ಪದ ಬಳಸಬೇಕಾಗಿ ಬಂದಿದೆ. ಅದು ಸರಿಹೋಗುತ್ತಿಲ್ಲ.

ಮೊದಲನೆಯದು ಸಿಡಿಮದ್ದು ನೇರವಾಗಿ ಮಾಡುವ ಬಿರುಕು. ಕುಳಿಯೊಳಗೆ ಮದ್ದು ಸಿಡಿದಾಗ ಅಂಟಿಕೊಂಡಿರುವ ಕಲ್ಲು ಪುಡಿಯಾಗುತ್ತದೆ. ಅದರಾಚೆ ಸುತ್ತಲೂ ಬಿರುಕು ಹರಿಯುತ್ತದೆ, ಒಳಗೆ ಬಿಸಿ ಅನಿಲ ನುಗ್ಗಿ ಅದನ್ನು ಉದ್ದ ಮಾಡುತ್ತದೆ. ಇದಕ್ಕೆ ‘ಸೀಳು’ ಸಾಕು.

ತೊಡಕು ಇರುವುದು ಎರಡನೆಯದರಲ್ಲಿ. ಒಂದು ಕಿಲೋಮೀಟರ್ ಆಳದಲ್ಲಿ ಮೇಲಿನ ಬಂಡೆಯ ಭಾರ ಚದರ ಸೆಂಟಿಮೀಟರಿಗೆ ಸುಮಾರು 270 ಕಿಲೋ. ಸ್ಫೋಟದಿಂದ ಒಂದಿಷ್ಟು ಕಲ್ಲು ಕಳಚಿದರೆ ಅದು ಹೊತ್ತಿದ್ದ ಹೊರೆ ಪಕ್ಕದ ಕಲ್ಲಿನ ಮೇಲೆ ಬೀಳುತ್ತದೆ. ಆಗಲೇ ಸಾಕಷ್ಟು ಭಾರ ಹೊತ್ತು ಬಳಲಿದ್ದ ಕಲ್ಲು ಅಲ್ಲಲ್ಲಿ ಬಿರಿಯುತ್ತದೆ, ಹಳೆಯ ಸಂದುಗಳು ಒಂಚೂರು ಜಾರುತ್ತವೆ. ಸದ್ದಡಗಿದ ಮೇಲೂ ಇದು ನಡೆದೇ ಇರುತ್ತದೆ. ಮೊದಮೊದಲು ಜಾಸ್ತಿ, ಬರುಬರುತ್ತಾ ಕಡಿಮೆ. ಭೂಕಂಪದ ನಂತರದ ಮರುಕಂಪನಗಳಿಗೆ ಜಪಾನಿನ ಭೂಕಂಪ ವಿಜ್ಞಾನಿ ಒಮೊರಿ 1894ರಲ್ಲಿ ಕೊಟ್ಟ ಲೆಕ್ಕ ಇಲ್ಲೂ ಬಹುಮಟ್ಟಿಗೆ ಹೊಂದುತ್ತದೆ. ಕೆಲಸಗಾರರನ್ನು ಮತ್ತೆ ಯಾವಾಗ ಒಳಗೆ ಬಿಡಬಹುದು ಅಂತ ತೀರ್ಮಾನಿಸುವಾಗ ಈ ಇಳಿಕೆಯನ್ನು ನೋಡುತ್ತಾರೆ. ಜೀವದ ಪ್ರಶ್ನೆ ಇದು, ಪದ ಮಸುಕಾಗಿದ್ದರೆ ಆಗುವುದಿಲ್ಲ ಅಲ್ವಾ?

ಇಂಥ ಬಿರುಕು ನೆಟಿಕೆ ಮುರಿದಂತೆ ಚಿಟಕ್ಕನೆ ಆಗಿಹೋಗುತ್ತದೆ. ಬಂಡೆಯಲ್ಲಿ ಕೂರಿಸಿದ ಸೆನ್ಸರ್‌ಗಳು ಅದರ ಕಂಪನ ಹಿಡಿಯುತ್ತವೆ. ಅಲೆ ಯಾವ ಸೆನ್ಸರಿಗೆ ಮೊದಲು ಮುಟ್ಟಿತು, ಯಾವುದಕ್ಕೆ ಆಮೇಲೆ ಅನ್ನುವುದರಿಂದ ಬಿರುಕಿನ ಜಾಗ ಗೊತ್ತಾಗುತ್ತದೆ. ಭೂಕಂಪದ ಮಾಪನದಲ್ಲಿ ಎಷ್ಟೋ ಬಿರುಕುಗಳು ಮೈನಸ್ 1, ಮೈನಸ್ 2 ಅಂತ ಸೊನ್ನೆಗಿಂತ ಕೆಳಗೆ ಬರುತ್ತವೆ. ಇಷ್ಟು ಸಣ್ಣದಕ್ಕೆ ‘ಸೂಕ್ಷ್ಮ ಭೂಕಂಪ’ ಅಂದರೆ ಓದುವವರು ಸುಮ್ನೆ ಗಾಬರಿಯಾಗುತ್ತಾರೆ. ‘ಪ್ರಚೋದಿತ ಶಿಲಾಭಂಗ’ ನಾಲಿಗೆಗೆ ಒಗ್ಗುವುದಿಲ್ಲ. ‘ಮರುಬಿರುಕು’ ಅಂದರೆ ಒಡೆದದ್ದೇ ಮತ್ತೆ ಒಡೆಯಿತು ಅನ್ನಿಸುತ್ತದೆ. ಹೊರೆಯಿಂದ ಆಗುವುದರಿಂದ ‘ಹೊರೆಬಿರುಕು’ ಅನ್ನುವುದು ನನಗೆ ಹಿಡಿಸಿದೆ.

ಕ್ರಿಯಾಪದವೂ ಬೇಕು. ಸ್ಫೋಟ ಈ ಬಿರುಕನ್ನು ‘ಉಂಟುಮಾಡಿತು’ ಅನ್ನುವಂತಿಲ್ಲ, ಹೊರೆ ಮೊದಲೇ ಅಲ್ಲಿತ್ತು. ‘ಎಬ್ಬಿಸಿತು’ ಅನ್ನಬಹುದೇ? ಕಲ್ಲು ಒಡೆಯುವವರು, ಬಾವಿ ತೋಡುವವರು ಮದ್ದು ಸಿಡಿದ ಎಷ್ಟೋ ಹೊತ್ತಿನ ಮೇಲೆ ಕಲ್ಲು ಬಿರಿಯುವುದಕ್ಕೆ ಬೇರೆ ಮಾತೇನಾದರೂ ಬಳಸುತ್ತಾರೆಯೇ? ಕೇಳಿ ಬಲ್ಲವರು ದಯವಿಟ್ಟು ತಿಳಿಸಿ.